ಗೊರಬಿನಿಂದ ಜಾಕೆಟ್ಟಿನವರೆಗೆ: ಮಳೆ-ಚಳಿಯಲ್ಲಿ ಸೈಕಲ್ ಏರುವ ಹೆಣ್ಣಿನ ಉಡುಪು

ಜುಲೈ ತಿಂಗಳ ಒಂದು ಭಾನುವಾರ, ಬೆಳಗಿನ ಆರು ಗಂಟೆ. ಕತ್ರಿಗುಪ್ಪೆಯ ಹೊರವರ್ತುಲ ರಸ್ತೆಯಲ್ಲಿ ಜಿಟಿಜಿಟಿ ಮಳೆ. ಆಗ ನೀವು ರಸ್ತೆ ಬದಿಯಲ್ಲಿ ನಿಂತಿದ್ದರೆ ದಪ್ಪ ಟೈರಿನ ಸೈಕಲ್‌ಗಳ ಮೇಲೆ ದಕ್ಷಿಣದತ್ತ ಹೊರಟ ಒಬ್ಬಿಬ್ಬರನ್ನಾದರೂ ಕಾಣುತ್ತೀರಿ. ಅವರಲ್ಲಿ ಹುಡುಗಿಯರೂ ಇರುತ್ತಾರೆ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ತುರಹಳ್ಳಿ ಕಾಡಿನ ಕಲ್ಲುಬಂಡೆ, ಕೆಮ್ಮಣ್ಣಿನ ಕಾಲುದಾರಿಗಳು ಬೆಂಗಳೂರಿನ ಮೌಂಟೇನ್ ಬೈಕ್ ಸವಾರರಿಗೆ ಬಹಳ ಕಾಲದಿಂದ ಪರಿಚಿತ.

ಅಂಥ ಸವಾರಳೊಬ್ಬಳನ್ನು ಊಹಿಸಿಕೊಳ್ಳಿ. ಮೈಮೇಲೆ ಹತ್ತಿಯ ಟೀ ಶರ್ಟ್, ಅದರ ಮೇಲೆ ನೀರು ಒಂದಿಷ್ಟೂ ಒಳಬಿಡದ ಪ್ಲಾಸ್ಟಿಕ್ ಲೇಪದ ರೇನ್ ಕೋಟ್. ದಿಣ್ಣೆ ಹತ್ತುವಾಗ ಸೆಕೆ. ಇಳಿಯುವಾಗ ಗಡಗಡ ನಡುಕ. ಮನೆಗೆ ಬಂದು ಕೋಟು ಕಳಚಿದರೆ ಒಳಗಿನ ಅಂಗಿಯನ್ನು ಹಿಂಡಬಹುದು! ಕೋಟು ಸೋರಿತೇ? ಇಲ್ಲ. ಅಂಗಿಯನ್ನು ನೆನೆಸಿದ್ದು ಮಳೆಯಲ್ಲ, ಅವಳದೇ ಬೆವರು.

ಮಳೆ-ಚಳಿಯ ಉಡುಪಿನ ಕಷ್ಟವೆಲ್ಲ ಇದರಲ್ಲೇ ಇದೆ. ಉಡುಪು ಎರಡು ನೀರುಗಳನ್ನು ನಿಭಾಯಿಸಬೇಕು: ಹೊರಗಿನಿಂದ ಬರುವ ಮಳೆ, ಒಳಗಿನಿಂದ ಬರುವ ಬೆವರು. ಕಳೆದ ಇನ್ನೂರು ವರ್ಷಗಳ ಮಳೆಯುಡುಪಿನ ಇತಿಹಾಸವನ್ನು ನೋಡಿದರೆ ಒಂದನ್ನು ತಡೆದ ಆವಿಷ್ಕಾರ ಇನ್ನೊಂದನ್ನು ಮರೆತದ್ದೇ ಹೆಚ್ಚು. ಅದರ ಜೊತೆಗೆ ಮತ್ತೊಂದು ಮರೆವೂ ಸೇರಿಕೊಂಡಿತು: ಉಡುಪು ಯಾರ ಮೈಗೆ ಎಂಬ ಪ್ರಶ್ನೆ.

ಶಾಖದ ಲೆಕ್ಕ

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ದಿಣ್ಣೆ ಹತ್ತುವ ಸವಾರಳು ಪೆಡಲಿಗೆ 130 ವಾಟ್ ಸಾಮರ್ಥ್ಯ ಕೊಡುತ್ತಿದ್ದಾಳೆ ಎನ್ನೋಣ. ನಮ್ಮ ಸ್ನಾಯುಗಳ ದಕ್ಷತೆ ಸುಮಾರು ಶೇ. 20ರಿಂದ 25. ಅಂದರೆ ಆಹಾರದಿಂದ ಬಿಡುಗಡೆಯಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಶಾಖವಾಗುತ್ತದೆ. ಇಲ್ಲಿ ಅದು 400ರಿಂದ 500 ವಾಟ್. ಈ ಶಾಖವನ್ನು ದೇಹ ಬೆವರನ್ನು ಆವಿಯಾಗಿಸಿಯೇ ಹೊರಹಾಕುವುದಾದರೆ ಗಂಟೆಗೆ ಸುಮಾರು ಮುಕ್ಕಾಲು ಲೀಟರ್ ನೀರು ಬೇಕು. ಕೋಟಿನ ಒಳಗೆ ಇಷ್ಟೊಂದು ಆವಿ ಸಿಕ್ಕಿಹಾಕಿಕೊಂಡರೆ ಅದು ಹನಿಯಾಗದೆ ಇನ್ನೇನಾದೀತು?

ಈಗ ಇಳಿಜಾರು. ಪೆಡಲ್ ನಿಂತಿತು, ಶಾಖದ ಉತ್ಪಾದನೆ ತಗ್ಗಿತು. ಗಂಟೆಗೆ 30 ಕಿ.ಮೀ. ವೇಗದ ಗಾಳಿ ಮಾತ್ರ ಎದುರಿಗೆ ಬೀಸುತ್ತಿದೆ. ಹತ್ತಿಯ ಅಂಗಿಯಲ್ಲಿ 100 ಗ್ರಾಂ ಬೆವರು ಉಳಿದಿದೆಯೆಂದುಕೊಳ್ಳಿ. ಚರ್ಮದ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. 100 ಗ್ರಾಂಗೆ 240 ಕಿಲೋಜೂಲ್. 50 ಕಿ.ಗ್ರಾಂ. ತೂಕದ ವಿದ್ಯಾರ್ಥಿನಿಯ ದೇಹದ ತಾಪ ಒಂದು ಡಿಗ್ರಿ ಇಳಿಯಲು ಹೋಗಬೇಕಾದ ಶಾಖ ಸುಮಾರು 175 ಕಿಲೋಜೂಲ್. ಆ 240 ಕಿಲೋಜೂಲೂ ದೇಹದಿಂದಲೇ ಹೋಗಿ, ದೇಹ ಹೊಸದಾಗಿ ಶಾಖ ಉತ್ಪಾದಿಸದಿದ್ದರೆ ತಾಪ ಒಂದೂಕಾಲು ಡಿಗ್ರಿಗೂ ಹೆಚ್ಚು ಇಳಿಯಬೇಕಾಗುತ್ತದೆ! ದೇಹ ಸುಮ್ಮನಿರುವುದಿಲ್ಲ, ನಡುಗಿ ಶಾಖ ಉತ್ಪಾದಿಸುತ್ತದೆ. ನಡುಕದ ಅರ್ಥವೇ ಅದು. ಒಳತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಆಗ ಬೆರಳುಗಳು ಬ್ರೇಕನ್ನು ಸರಿಯಾಗಿ ಹಿಡಿಯವು, ವಿವೇಚನೆ ಮಂಕಾಗುತ್ತದೆ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ; 10 ಡಿಗ್ರಿಯ ಮಳೆಗಾಳಿ ಸಾಕು.

ಬೆಂಗಳೂರಿನಲ್ಲಿ ಅಷ್ಟು ಚಳಿಯೆಲ್ಲಿ ಎನ್ನುತ್ತೀರಾ? ಈ ಊರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಜುಲೈ ಮುಂಜಾನೆಗಳಲ್ಲಿ ಸುಮಾರು 20 ಡಿಗ್ರಿ ಇರುತ್ತದೆ, ನಿಜ. ಆದರೆ ನಮ್ಮ ಸವಾರರು ಇಲ್ಲೇ ನಿಲ್ಲುವುದಿಲ್ಲ. ಚಿಕ್ಕಮಗಳೂರು, ಕೊಡಗು, ನೀಲಗಿರಿಗಳಿಗೆ ಹೋಗುತ್ತಾರೆ. 2008ರ ಡಿಸೆಂಬರಿನಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಸೈಕಲ್ ಯಾತ್ರೆ ಉದಕಮಂಡಲದ ಚಳಿಯನ್ನು ಅನೇಕರಿಗೆ ಪರಿಚಯಿಸಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಸಾವಿರ ಮೀಟರ್ ಏರಿದರೆ ತಾಪ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅದಕ್ಕೆ ಮಳೆಯನ್ನೂ ಗಾಳಿಯನ್ನೂ ಕೂಡಿಸಿ ನೋಡಿ.

ರಮ್‌ಫರ್ಡನ ಗಾಜಿನ ಬುರುಡೆ

ಬಟ್ಟೆ ಬೆಚ್ಚಗಿರುವುದೇಕೆ? ಇದನ್ನು ಪ್ರಯೋಗದಿಂದ ಪರೀಕ್ಷಿಸಿದವರಲ್ಲಿ ಮೊದಲಿಗನೆಂದು ಹೇಳಬಹುದಾದವನು ಬೆಂಜಮಿನ್ ಥಾಮ್ಸನ್, ಅಂದರೆ ಕೌಂಟ್ ರಮ್‌ಫರ್ಡ್. ಶಾಖವನ್ನು ಕುರಿತ ಪ್ರಬಂಧಗಳಿಗಾಗಿ 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲೆ ಪದಕ ನೀಡಿತು. ಅವನ ವಿಧಾನ ಸರಳ. ಉಷ್ಣಮಾಪಕದ ಸುತ್ತ ಒಂದು ಗಾಜಿನ ಬುರುಡೆ. ನಡುವಿನ ಜಾಗದಲ್ಲಿ ಹತ್ತಿ, ಉಣ್ಣೆ, ರೇಷ್ಮೆ, ತುಪ್ಪಳ ಹೀಗೆ ಒಂದೊಂದು ಬಾರಿ ಒಂದೊಂದು ವಸ್ತು. ಅದನ್ನು ಬಿಸಿಮಾಡಿ, ನಿರ್ದಿಷ್ಟ ತಾಪಕ್ಕೆ ತಣಿಯಲು ಎಷ್ಟು ಸೆಕೆಂಡು ಬೇಕೆಂದು ಅಳೆದ. ಬರಿಯ ಗಾಳಿಯಿದ್ದಾಗ 576 ಸೆಕೆಂಡು. ಹತ್ತಿ ತುಂಬಿದಾಗ 1,046. ಕುರಿಯ ಉಣ್ಣೆ ತುಂಬಿದಾಗ 1,118.

ಈ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಹತ್ತಿಗೂ ಉಣ್ಣೆಗೂ ಇರುವ ವ್ಯತ್ಯಾಸ ಶೇ. 7ರಷ್ಟು ಮಾತ್ರ! ಹಾಗಾದರೆ ಚಳಿಗೆ ಉಣ್ಣೆಯೇ ಬೇಕೆನ್ನುವುದೇಕೆ? ಒಣಗಿರುವಾಗ ಎರಡೂ ಮಾಡುವುದು ಒಂದೇ ಕೆಲಸ: ಎಳೆಗಳ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಡುವುದು. ಬೆಚ್ಚಗಿಡುವುದು ಆ ನಿಶ್ಚಲ ಗಾಳಿ. ವ್ಯತ್ಯಾಸ ಕಾಣುವುದು ನೆನೆದಾಗ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 24 ಪಟ್ಟು ಹೆಚ್ಚು. ಒದ್ದೆ ಹತ್ತಿ ಮೆತ್ತಗಾಗಿ, ಎಳೆಗಳ ನಡುವೆ ನೀರು ತುಂಬಿಕೊಂಡು, ಮೈಗೆ ಅಂಟುತ್ತದೆ. ಉಣ್ಣೆಯ ಎಳೆ ಗುಂಗುರು. ನೆನೆದರೂ ಅದು ಪೂರ್ತಿ ಕುಸಿಯುವುದಿಲ್ಲ. ಎಳೆಯ ಹೊರಮೈ ನೀರನ್ನು ದೂರವಿಡುತ್ತದೆ; ಒಳಭಾಗವಾದರೋ ತನ್ನ ತೂಕದ ಶೇ. 30ರಷ್ಟು ನೀರಾವಿಯನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸದು. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ: ಪೂರ್ತಿ ಒಣಗಿದ ಒಂದು ಗ್ರಾಂ ಉಣ್ಣೆ ಪೂರ್ತಿ ನೆನೆದಾಗ ಸುಮಾರು 100 ಜೂಲ್.

ಕಂಬಳಿ ಮತ್ತು ಗೊರಬು

ರಮ್‌ಫರ್ಡನ ಪ್ರಬಂಧ ಓದದೆಯೇ ನಮ್ಮ ಜನ ಇದನ್ನು ಬಲ್ಲವರಾಗಿದ್ದರು. ಬಯಲುಸೀಮೆಯ ಕುರುಬರ ಕರಿ ಕಂಬಳಿಯನ್ನೇ ತೆಗೆದುಕೊಳ್ಳಿ. ದಖ್ಖನಿ ಕುರಿಯ ಬಣ್ಣ ಹಾಕದ ಒರಟು ಉಣ್ಣೆ. ಅದನ್ನು ಮನೆಯ ಹೆಂಗಸರು ನೂಲುತ್ತಿದ್ದರು, ಗುಂಡಿ ಮಗ್ಗದಲ್ಲಿ ನೇಯ್ಗೆ ನಡೆಯುತ್ತಿತ್ತು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಇದನ್ನೇ ಮಡಿಸಿ ತಲೆಯ ಮೇಲಿಂದ ಇಳಿಬಿಟ್ಟರೆ ಕಂಬಳಿ ಕೊಪ್ಪೆ. ಸಣ್ಣ ಮಳೆ ಮೇಲಿನ ಎಳೆಗಳಲ್ಲೇ ನಿಂತು ಜಾರುತ್ತದೆ. ಜಡಿಮಳೆಯಲ್ಲಿ ಕಂಬಳಿ ನೆನೆದು ಭಾರವಾದರೂ ಒಳಗಿನವರು ಬೆಚ್ಚಗಿರುತ್ತಾರೆ. ದಿನವಿಡೀ ಬಗ್ಗಿ ಕೆಲಸ ಮಾಡುವವರಿಗೆ ಆ ಭಾರವೇ ತೊಡಕು.

ಅದಕ್ಕೆ ಮಲೆನಾಡು ಮತ್ತು ಕರಾವಳಿ ಕಂಡುಕೊಂಡ ಉತ್ತರ ಗೊರಬು. ಬಿದಿರಿನ ಸೀಳುಗಳ ಹಂದರದ ಮೇಲೆ ಎಲೆಗಳನ್ನು ಹಾಸಿ ಹೆಣೆದ, ದೋಣಿಯನ್ನು ಕವುಚಿ ಹಾಕಿದಂಥ ಹೊದಿಕೆ. ಮುಂಗಾರಿನಲ್ಲಿ ಸಸಿ ನೆಡುವ ಹೆಂಗಸರು ಇದನ್ನು ತಲೆಗೆ ಸಿಕ್ಕಿಸಿಕೊಂಡು ಗದ್ದೆಗಿಳಿಯುತ್ತಿದ್ದರು. ಮುಂದೆ ಎಲೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಬಂತು. ವಿಜ್ಞಾನದ ಕಣ್ಣಿನಿಂದ ಗೊರಬನ್ನು ನೋಡಿದರೆ ಮೂರು ಗುಣಗಳು ಕಾಣುತ್ತವೆ. ಒಂದು, ಅದು ಮೈಗೆ ಅಂಟುವುದಿಲ್ಲ. ಬೆನ್ನಿಗೂ ಹೊದಿಕೆಗೂ ನಡುವೆ ಗಾಳಿಯಾಡುತ್ತದೆ, ಬೆವರು ಆವಿಯಾಗಿ ಹೋಗುತ್ತದೆ. ಎರಡು, ಎರಡೂ ಕೈಗಳು ಬಿಡುವಾಗಿರುತ್ತವೆ. ಮೂರು, ಅದನ್ನು ಮಾಡಿರುವುದೇ ಬಗ್ಗಿದ ಮೈಗೆ: ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನು ಮುಚ್ಚುತ್ತದೆ.

ಸೈಕಲ್ ಸವಾರಳ ಭಂಗಿಯನ್ನು ನೆನಪಿಸಿಕೊಳ್ಳಿ. ಬಗ್ಗಿದ ಮೈ, ಆಕಾಶಕ್ಕೆ ಒಡ್ಡಿದ ಬೆನ್ನು, ಹಿಡಿಕೆಯ ಮೇಲೆ ಎರಡೂ ಕೈ. ನಿಂತ ಮೈಗೆ ಹೊಲಿದ ಕೋಟು ಹಾಕಿ ಬಗ್ಗಿದರೆ ಹಿಂಭಾಗ ಮೇಲೆ ಸರಿದು ಸೊಂಟಕ್ಕೆ ನೀರಿಳಿಯುತ್ತದೆ. ಹೆಣ್ಣಿನ ದುಡಿಮೆಯನ್ನು ನೋಡಿ ಹೆಣೆದ ಗೊರಬಿನಲ್ಲಿ ಈ ದೋಷವಿಲ್ಲ. ಆದರೆ ಸೈಕಲಿಗೆ ಅದು ಒಗ್ಗುವುದಿಲ್ಲ, ಎದುರುಗಾಳಿಗೆ ಹಾಯಿಯಂತಾಗುತ್ತದೆ.

ರಬ್ಬರಿನ ಕೋಟು, ಹೆಣ್ಣಿನ ಚಕ್ರ

ಈಗ ಬ್ರಿಟನ್ನಿನತ್ತ ಹೊರಳೋಣ. ಇಂದಿನ ಮಳೆಯಂಗಿಯ ವಂಶಾವಳಿ ಶುರುವಾಗುವುದು ಅಲ್ಲಿ. ಗ್ಲಾಸ್ಗೋದ ರಸಾಯನತಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಒಂದು ಪೇಟೆಂಟ್ ಪಡೆದ. ಕಲ್ಲಿದ್ದಲ ಟಾರಿನಿಂದ ಸಿಗುವ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಹಚ್ಚಿ ಒತ್ತುವುದು. ಮಳೆ ಪೂರ್ತಿ ನಿಂತಿತು. ಆದರೆ ಆ ಕೋಟು ಬಿಸಿಲಿಗೆ ಅಂಟಂಟು, ಚಳಿಗೆ ಸೆಟೆ, ಸಾಲದ್ದಕ್ಕೆ ಕೆಟ್ಟ ವಾಸನೆ. 1840ರ ದಶಕದಲ್ಲಿ ಚಾರ್ಲ್ಸ್ ಗುಡ್‌ಇಯರ್ ಮತ್ತು ಥಾಮಸ್ ಹ್ಯಾನ್‌ಕಾಕ್ ಅವರ ಗಂಧಕೀಕರಣ ವಿಧಾನ ಇವುಗಳಲ್ಲಿ ಮೊದಲೆರಡು ದೋಷಗಳನ್ನು ನೀಗಿತು. ಒಳಗಿನ ಬೆವರು ಮಾತ್ರ ಒಳಗೇ ಉಳಿಯಿತು. ಥಾಮಸ್ ಬರ್ಬೆರಿ ಬೇರೆ ದಾರಿ ಹಿಡಿದ. ನೇಯುವ ಮೊದಲೇ ನೂಲನ್ನು ಜಲನಿರೋಧಕಗೊಳಿಸಿ, ಒತ್ತಾಗಿ ನೇಯ್ದ ಗ್ಯಾಬರ್ಡೀನ್ ಬಟ್ಟೆಗೆ 1888ರಲ್ಲಿ ಪೇಟೆಂಟ್ ಪಡೆದ. ಇದು ಉಸಿರಾಡುತ್ತಿತ್ತು, ಬಿರುಮಳೆಗೆ ಕೊನೆಗೆ ಸೋಲುತ್ತಿತ್ತು.

ಅದೇ ಹೊತ್ತಿಗೆ ಎರಡು ಸಮಾನ ಚಕ್ರಗಳ ಸುರಕ್ಷಿತ ಸೈಕಲ್ ಬಂದು, ಅಲ್ಲಿನ ಹೆಂಗಸರು ಸವಾರಿ ಕಲಿತರು. ಅವರ ಉಡುಪು? ನೆಲ ಮುಟ್ಟುವ ಲಂಗ, ಒಳಲಂಗಗಳು, ಸೊಂಟ ಬಿಗಿಯುವ ಕಾರ್ಸೆಟ್. ಮಳೆಯಲ್ಲಿ ನೆನೆದ ಲಂಗ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಚೈನಿಗೆ ಸಿಕ್ಕಿ ಬೀಳಿಸುತ್ತಿತ್ತು. ಹೆಂಗಸರಿಗೆ ಆರೋಗ್ಯಕರ, ಹಗುರ ಉಡುಪು ಬೇಕೆಂದು ಲಂಡನ್ನಿನಲ್ಲಿ 1881ರಲ್ಲಿ ‘ರ‍್ಯಾಷನಲ್ ಡ್ರೆಸ್ ಸೊಸೈಟಿ’ ಹುಟ್ಟಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಲೇಡಿ ಹಾರ್ಬರ್ಟನ್ 1898ರಲ್ಲಿ ಸಡಿಲ ಚಡ್ಡಿಯಂಥ ಉಡುಪು ತೊಟ್ಟು ಸೈಕಲಿನಲ್ಲಿ ಸರ‍್ರಿ ಪ್ರಾಂತ್ಯದ ಒಂದು ಹೋಟೆಲಿಗೆ ಹೋದಾಗ ಕಾಫಿ ಕೋಣೆಯೊಳಗೆ ಬಿಡಲಿಲ್ಲ. ಮರುವರ್ಷ ನ್ಯಾಯಾಲಯದ ತೀರ್ಪೂ ಹೋಟೆಲಿನ ಪರವಾಗಿಯೇ ಬಂತು!

ಇಂಥ ಸಮಾಜದಲ್ಲಿ ಹೆಂಗಸರು ತಾವೇ ಸಂಶೋಧಕರಾದರು. ಲಂಡನ್ನಿನ ದರ್ಜಿ ಆಲಿಸ್ ಬೈಗ್ರೇವ್ 1895ರಲ್ಲಿ ಪೇಟೆಂಟ್ ಪಡೆದ ಲಂಗದೊಳಗೆ ದಾರ, ರಾಟೆಗಳು ಅಡಗಿದ್ದವು. ದಾರ ಎಳೆದರೆ ಲಂಗ ಮೇಲೇರುತ್ತಿತ್ತು. ಸೈಕಲಿನಿಂದ ಇಳಿದೊಡನೆ ಮತ್ತೆ ಸಭ್ಯ ಲಂಗ. ಸರಳ ಯಂತ್ರಗಳ ಪಾಠಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇಕೇ? ನಮ್ಮಲ್ಲಿ ಸೀರೆ, ಲಂಗದವರಿಗಾಗಿ ಸೈಕಲನ್ನೇ ಬದಲಿಸಿದರು: ಮೇಲಿನ ಅಡ್ಡಕೊಳವೆ ಇಲ್ಲದ ಲೇಡೀಸ್ ಸೈಕಲ್, ಚೈನು ಮುಚ್ಚುವ ಕವರು, ಹಿಂದಿನ ಚಕ್ರಕ್ಕೆ ಜಾಲರಿ. ಕರ್ನಾಟಕ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಲಕ್ಷಾಂತರ ಹುಡುಗಿಯರ ಕೈಗೆ ಸೈಕಲ್ ಬಂತು. ಮಳೆಯಲ್ಲಿ ತೊಡಲು ಏನಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಬೆಟ್ಟದ ಸೈಕಲ್, ಹೊಸ ಬಟ್ಟೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯ ಶುರುಮಾಡಿದರು. ಮೌಂಟೇನ್ ಬೈಕಿಂಗ್ ಬೆಳೆದದ್ದು ಹೀಗೆ. ಆ ಗುಂಪಿನಲ್ಲಿದ್ದ ವೆಂಡಿ ಕ್ರ್ಯಾಗ್ ಎಂಬಾಕೆ ತಾನೂ ಸವಾರಿ ಮಾಡುತ್ತ ಆ ದಿನಗಳ ಛಾಯಾಚಿತ್ರಗಳನ್ನು ತೆಗೆದಿಟ್ಟರು. ಜಾರ್ಜೀನಾ ಟೆರ‍್ರಿ ಎಂಬ ಎಂಜಿನಿಯರ್ 1985ರಲ್ಲಿ ಹೆಂಗಸರ ಅಳತೆಯ ಸೈಕಲ್‌ಗಳಿಗಾಗಿಯೇ ಕಂಪನಿ ತೆರೆದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಕ್ರೀಡೆ ಮೊದಲ ಬಾರಿ ಸೇರಿದಾಗ ಗಂಡಸರ ಜೊತೆಗೇ ಹೆಂಗಸರ ಸ್ಪರ್ಧೆಯೂ ಇತ್ತು. ಇಟಲಿಯ ಪಾವೊಲಾ ಪೆಟ್ಸೊ ಚಿನ್ನ ಗೆದ್ದರು.

ಬಟ್ಟೆಯ ರಸಾಯನವಿಜ್ಞಾನವೂ ಇದೇ ಕಾಲದಲ್ಲಿ ಹೊಸ ಹಾದಿ ಹಿಡಿದಿತ್ತು. ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್ ನಿಮಗೆ ಗೊತ್ತು. 1969ರಲ್ಲಿ ಬಾಬ್ ಗೋರ್ ಅದರ ಬಿಸಿ ಸರಳುಗಳನ್ನು ನಿಧಾನವಾಗಿ ಎಳೆದು ಹಿಗ್ಗಿಸಲು ಯತ್ನಿಸುತ್ತಿದ್ದರು, ಅವು ಮುರಿಯುತ್ತಿದ್ದವು. ಬೇಸತ್ತು ಒಮ್ಮೆ ಫಕ್ಕನೆ ಜಗ್ಗಿದಾಗ ಸರಳು ಮುರಿಯದೆ ಹಲವು ಪಟ್ಟು ಹಿಗ್ಗಿತು! ಹೀಗೆ ಸಿಕ್ಕ ಪೊರೆಯಲ್ಲಿ ಅತಿಸೂಕ್ಷ್ಮ ರಂಧ್ರಗಳು. ಮಳೆಹನಿಗೆ ತೀರ ಚಿಕ್ಕವು, ನೀರಾವಿಯ ಅಣುವಿಗೆ ಧಾರಾಳ. 1976ರಿಂದ ಇದು ‘ಗೋರ್-ಟೆಕ್ಸ್’ ಎಂಬ ಹೆಸರಿನಲ್ಲಿ ಉಡುಪಿಗೆ ಬಂತು. ಮ್ಯಾಕಿಂಟಾಷ್‌ನ ಕೋಟಿನ ಅರ್ಧ ದೋಷ ಕಡೆಗೂ ನೀಗಿದಂತಾಯಿತು. 1980ರ ಆಸುಪಾಸಿನಲ್ಲಿ ಪಾಲಿಯೆಸ್ಟರ್ ಎಳೆಗಳನ್ನು ಎಬ್ಬಿಸಿ ಉಣ್ಣೆಯಂತೆ ಮಾಡಿದ ಫ್ಲೀಸ್ ಬಂತು; ಅದು ಹಗುರ, ಬೇಗ ಒಣಗುತ್ತದೆ.

ಆದರೆ ಇಲ್ಲೊಂದು ಎಚ್ಚರ. ಆವಿ ಪೊರೆಯನ್ನು ದಾಟುವುದು ಒಳಗೂ ಹೊರಗೂ ಇರುವ ಆವಿಒತ್ತಡದ ಅಂತರದಿಂದ. 33 ಡಿಗ್ರಿಯ ಚರ್ಮದ ಬಳಿ ಸಂತೃಪ್ತ ಆವಿಯ ಒತ್ತಡ ಸುಮಾರು 5 ಕಿಲೋಪಾಸ್ಕಲ್. 10 ಡಿಗ್ರಿಯ ಒಣಹವೆಯಲ್ಲಿ, ಆರ್ದ್ರತೆ ಶೇ. 50 ಇದ್ದರೆ, ಹೊರಗಿನ ಒತ್ತಡ ಸುಮಾರು 0.6, ಅಂತರ 4.4. ನಮ್ಮ ಮುಂಗಾರಿನ 22 ಡಿಗ್ರಿ, ಶೇ. 85 ಆರ್ದ್ರತೆಯಲ್ಲಿ ಹೊರಗೇ ಸುಮಾರು 2.2; ಅಂತರ 2.8ಕ್ಕೆ ಇಳಿಯುತ್ತದೆ. ಶೀತದೇಶದಲ್ಲಿ ಚೆನ್ನಾಗಿ ಕೆಲಸ ಮಾಡುವ ದುಬಾರಿ ಜಾಕೆಟ್ ಕತ್ರಿಗುಪ್ಪೆಯಲ್ಲಿ ಅಷ್ಟು ಚೆನ್ನಾಗಿ ಮಾಡದು. ಇಲ್ಲಿ ಗೊರಬಿನ ತತ್ವವೇ ಮೇಲು: ಕಂಕುಳಲ್ಲಿ ಜಿಪ್ಪು, ಬೆನ್ನಲ್ಲಿ ಗಾಳಿಕಿಂಡಿ. ಇನ್ನೊಂದು ಮಾತು. ಇಂಥ ಬಟ್ಟೆಗಳ ತಯಾರಿಕೆಯಲ್ಲೂ ಹೊರಮೈಯ ನೀರುಜಾರುವ ಲೇಪದಲ್ಲೂ ಬಳಸಿದ ಕೆಲವು ಫ್ಲೋರೀನ್ ಸಂಯುಕ್ತಗಳು ಪರಿಸರದಲ್ಲಿ ಕೊಳೆಯದೆ ಉಳಿಯುತ್ತವೆ. ಅವುಗಳಲ್ಲೊಂದಾದ ಪಿಎಫ್‌ಒಎಯನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಲಾಯಿತು. ಫ್ಲೋರೀನ್ ಇಲ್ಲದ ಲೇಪಗಳು ಈಗ ಸಿಗುತ್ತವೆ.

ಹಾಗಾದರೆ ಏನು ತೊಡಬೇಕು?

ಇತಿಹಾಸವೇ ಉತ್ತರ ಹೇಳಿದೆ. ಒಂದೇ ಬಟ್ಟೆ ಎಲ್ಲ ಕೆಲಸ ಮಾಡದು, ಪದರಗಳು ಬೇಕು. ಮೈಗೆ ತಾಗುವ ಮೊದಲ ಪದರ ಬೆವರನ್ನು ಹಿಡಿದಿಡಬಾರದು. ಸಾಮಾನ್ಯ ಸ್ಥಿತಿಯಲ್ಲಿ ಹತ್ತಿ ಶೇ. 8ರಷ್ಟು ತೇವ ಹೀರಿದರೆ ಪಾಲಿಯೆಸ್ಟರ್ ಹೀರುವುದು ಶೇ. 0.4 ಮಾತ್ರ. ಆದ್ದರಿಂದ ತೆಳು ಪಾಲಿಯೆಸ್ಟರ್ ಇಲ್ಲವೇ ನವಿರಾದ ಮೆರಿನೊ ಉಣ್ಣೆ. ದಖ್ಖನಿ ಉಣ್ಣೆಯ ಎಳೆ ದಪ್ಪ. ಅದು ಚುಚ್ಚುತ್ತದೆ, ಮೈಗೆ ತಾಗಿಸಿ ತೊಡುವುದು ಕಷ್ಟ. ಹುಡುಗಿಯರು ಒಳಉಡುಪನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಹೊರಗೆಲ್ಲ ಸರಿಯಿದ್ದು ಒಳಗಿನ ಹತ್ತಿಯ ಬ್ರಾ ನೆನೆದಿದ್ದರೆ ಎದೆಯ ಮೇಲೇ ತಣ್ಣೀರಪಟ್ಟಿ ಇಟ್ಟಂತೆ. ಎರಡನೆಯ ಪದರ ತೆಳು ಫ್ಲೀಸ್ ಅಥವಾ ಸ್ವೆಟರ್; ಬೆಂಗಳೂರಿನ ಜುಲೈಗೆ ಇದು ಬೇಡ, ಬಾಬಾಬುಡನ್‌ಗಿರಿಗೆ ಬೇಕು. ಮೂರನೆಯದು ಮಳೆಜಾಕೆಟ್.

ಹೆಣ್ಣಿನ ಅಳತೆ ಎಂದರೆ ಗುಲಾಬಿ ಬಣ್ಣವಲ್ಲ. ಹಿಂಭಾಗ ಉದ್ದವಾಗಿ, ಸೊಂಟದಲ್ಲಿ ಸಾಕಷ್ಟು ಅಗಲವಾಗಿದ್ದು, ಬಗ್ಗಿದಾಗ ಮೇಲೆ ಸರಿಯದಿರುವುದು. ಅಂಗಡಿಯಲ್ಲಿ ನಿಂತು ನೋಡಬೇಡಿ. ಬಗ್ಗಿ, ಕೈ ಮುಂದೆ ಚಾಚಿ ನೋಡಿ. ಕುಳಿತಾಗ ಭಾರ ಹೊರುವ ಸೊಂಟದ ಮೂಳೆಗಳ ಅಂತರ ಹೆಂಗಸರಲ್ಲಿ ಸರಾಸರಿ ಹೆಚ್ಚು. ಸೈಕಲ್ ಚಡ್ಡಿಯ ಮೆತ್ತೆ ಅದಕ್ಕೆ ತಕ್ಕಂತಿಲ್ಲದಿದ್ದರೆ ನೆನೆದಾಗ ತೊಡೆಯ ಸಂದಿನಲ್ಲಿ ಚರ್ಮ ಉಜ್ಜಿ ಗಾಯವಾಗುತ್ತದೆ. ಚಳಿಗೆ ಹೆಂಗಸರ ಕೈಬೆರಳುಗಳ ರಕ್ತನಾಳಗಳು ಸಾಮಾನ್ಯವಾಗಿ ಬೇಗ ಕುಗ್ಗುತ್ತವೆ. ಆದ್ದರಿಂದ ಪೂರ್ಣ ಬೆರಳಿನ ಕೈಗವಸು ಬೇಕು, ಬ್ರೇಕಿನ ಮೇಲೆ ಹಿಡಿತವಿರಲೇಬೇಕು. ದುಪಟ್ಟಾ, ಇಳಿಬಿದ್ದ ಪಾಂಚೋ ಎರಡೂ ಚಕ್ರಕ್ಕೆ ಸಿಗುತ್ತವೆ, ಬೇಡವೇ ಬೇಡ.

ಹಣವಿಲ್ಲದವರೂ ಎದೆಗುಂದಬೇಕಿಲ್ಲ. ಶಾಲೆಯ ಪಾಲಿಯೆಸ್ಟರ್ ಕ್ರೀಡಾಂಗಿ, ಹಳೆಯ ಉಣ್ಣೆ ಸ್ವೆಟರ್, ಅಗ್ಗದ ರೇನ್ ಕೋಟ್ ಸಾಕು. ಹತ್ತುವಾಗ ಕೋಟಿನ ಗುಂಡಿ ಬಿಚ್ಚಿ, ಬೆವರು ಹರಿಯುವ ಮೊದಲೇ ಸ್ವೆಟರ್ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿಡಿ. ಇಳಿಯುವ ಮೊದಲು ಎಲ್ಲವನ್ನೂ ತೊಡಿ. ಯುರೋಪಿನ ಸೈಕಲ್ ಪಂದ್ಯಗಳಲ್ಲಿ ಬೆಟ್ಟದ ತುದಿಯಲ್ಲಿ ದಿನಪತ್ರಿಕೆ ಇಸಿದುಕೊಂಡು ಎದೆಯ ಮೇಲೆ ತುರುಕಿಕೊಳ್ಳುವ ರೂಢಿಯಿತ್ತು. ಅದೂ ನಿಶ್ಚಲ ಗಾಳಿಯ ಪದರವೇ ಅಲ್ಲವೇ?

ಮಾಡಿ ನೋಡಿ

ಶಿಕ್ಷಕರು ಇದನ್ನು ತರಗತಿಯಲ್ಲಿ ಪರೀಕ್ಷಿಸಬಹುದು. ಒಂದೇ ಅಳತೆಯ ನಾಲ್ಕು ಸ್ಟೀಲ್ ಲೋಟಗಳಲ್ಲಿ 60 ಡಿಗ್ರಿಯ ನೀರನ್ನು ಸಮನಾಗಿ ತುಂಬಿಸಿ. ಒಂದಕ್ಕೆ ಏನೂ ಸುತ್ತಬೇಡಿ. ಉಳಿದವಕ್ಕೆ ಸಮತೂಕದ ಹತ್ತಿ, ಉಣ್ಣೆ, ಪಾಲಿಯೆಸ್ಟರ್ ಬಟ್ಟೆ ಸುತ್ತಿ, ಬಾಯಿ ಮುಚ್ಚಿ. ಐದೈದು ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ತಾಪ ಬರೆದುಕೊಳ್ಳಿ. ಎರಡನೆಯ ಬಾರಿ ಬಟ್ಟೆಗಳನ್ನು ನೆನೆಸಿ, ಹಿಂಡಿ, ತೂಗಿ, ಸುತ್ತಿ, ಫ್ಯಾನಿನ ಎದುರಿಗಿಡಿ. ಮೂರನೆಯ ಬಾರಿ ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಪ್ರತಿ ಬಟ್ಟೆ ಎಷ್ಟು ನೀರು ಹಿಡಿದಿತ್ತು, ಎಷ್ಟು ಬೇಗ ತಣಿಯಿತು ಎಂಬುದನ್ನು ಅಕ್ಕಪಕ್ಕ ಬರೆದು ಹೋಲಿಸಿ. ನಕ್ಷೆ ಬಿಡಿಸುವ ಕೆಲಸವನ್ನು ಮಳೆಗಾಲದಲ್ಲಿ ಸೈಕಲಿನಲ್ಲಿ ಶಾಲೆಗೆ ಬರುವ ಹುಡುಗಿಯರಿಗೇ ಕೊಡಿ. ಮರುದಿನ ಅವರು ಕೋಟಿನೊಳಗೆ ಏನು ತೊಟ್ಟು ಬಂದಿದ್ದಾರೆಂದು ಕೇಳಿ. ಪಾಠ ತಲುಪಿತೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.